ದೊಡ್ಡಪ್ಪನ ಬ್ಯಾಟರಿಗೆ ಬಿಳಿ ಬಲ್ಬು ಹಾಕಿದ ವರ್ಷ

ಬೈಲಹೊಂಗಲದ ಬಜಾರಿನಲ್ಲಿ ನಾನು ಗುಂಡಿ, ದಾರ, ಅಸ್ತರಿನ ಬಟ್ಟೆ ಕೊಳ್ಳುವ ಅಂಗಡಿಯ ಪಕ್ಕಕ್ಕೆ ಒಂದು ಕರೆಂಟಿನ ಸಾಮಾನಿನ ಅಂಗಡಿ ಇದೆ. ಹೋದ ತಿಂಗಳು ಮಳೆ ಒಮ್ಮೆಲೇ ಸುರಿದಾಗ ಅದರ ತಗಡಿನ ಕೆಳಗೆ ನಿಂತುಕೊಂಡೆ. ಒಬ್ಬ ಮುದುಕರು ತಮ್ಮ ಹಳೆಯ ಹಿತ್ತಾಳೆಯ ಬ್ಯಾಟರಿಯನ್ನು ರಿಪೇರಿಗೆ ತಂದಿದ್ದರು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಅನ್ನುವುದು, ಒಳಗೆ ಹಾಕುವುದಕ್ಕೆ ಸೆಲ್ಲು. ಅಂಗಡಿಯವನು ಅದರ ತಲೆ ತಿರುವಿ ಸುಟ್ಟ ಬಲ್ಬು ತೆಗೆದ, ಅದೇ ಅಳತೆಯ ಎಲ್‌ಇಡಿ ಬಲ್ಬು ಕೂರಿಸಿದ, ನೋಡೋಣ ಅಂತ ಗುಂಡಿ ದೂಡಿದ. ಬೆಳಕು ನೇರ ನನ್ನ ಮುಖಕ್ಕೆ ಬಂತು. ನಾನು ಕೈಚೀಲ ಬಿಟ್ಟು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟೆ.

ಅಂಗಡಿಯವನಿಗೆ ನಗು ಬಂತು. ಮುದುಕರು ಗಾಬರಿಯಾಗಿ ಏನಾತ್ರಿ ಏನಾತ್ರಿ ಅಂದರು. ನಾನು ಇಬ್ಬರಿಗೂ ಸೇರಿಸಿ ಬೈದೆ, ಮಂದಿಯ ಕಣ್ಣಿಗೆ ಬಿಡುವ ಬೆಳಕೇ ಇದು ಅಂತ. ನನ್ನ ಬಾಯಿ ಮೊದಲಿನಿಂದಲೂ ಜೋರು. ಬಟ್ಟೆ ಹೊಲಿಸಲು ಬರುವವರಿಗೆಲ್ಲ ಅದು ಗೊತ್ತು, ಆದರೂ ಬರುತ್ತಾರೆ, ಹೊಲಿಗೆ ನೆಟ್ಟಗಿರುತ್ತದೆ ಅಂತ. ಅವತ್ತು ಮಾತ್ರ ಮಷಿನ್ನಿನ ಮುಂದೆ ಕೂತರೆ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಬಲಗೈಯ ಕೊನೆಯ ಎರಡು ಬೆರಳು ಸೊಟ್ಟಗಿವೆ ನನಗೆ, ಮಳೆಗಾಲದಲ್ಲಿ ಅವು ನೋಯುತ್ತವೆ. ಅವತ್ತು ಮಳೆಯಿಂದ ನೋಯುತ್ತಿದ್ದವೋ ಬೆಳಕಿನಿಂದಲೋ ಹೇಳಲಾರೆ.

ನಮ್ಮೂರು ಮುರಗೋಡದಿಂದ ಹೂಲಿಯ ಕಡೆ ಹೋಗುವಾಗ ಒಳಗೆ ಸಿಗುತ್ತದೆ. ಎರೆಮಣ್ಣು, ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ. ನಮ್ಮಪ್ಪ ನಾನು ಸಾಲಿಗೆ ಹೋಗುತ್ತಿದ್ದಾಗಲೇ ಕಾಮಾಲೆಯಿಂದ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಮ್ಮಣ್ಣ ಈರಣ್ಣ, ನಾನು. ಗೋಡೆಯ ಆಚೆ ಅಡಿವೆಪ್ಪ ದೊಡ್ಡಪ್ಪನ ಮನೆ. ಹೊಲ ಎಂದೋ ಪಾಲಾಗಿತ್ತು, ಬಾವಿ ಪಾಲಾಗಿರಲಿಲ್ಲ. ಒಂದು ಬಾವಿ, ಒಂದು ಮೋಟರು, ಎರಡು ಮನೆ. ನಮ್ಮ ಪಾಳಿ ಒಂದು ದಿವಸ, ಅವರ ಪಾಳಿ ಒಂದು ದಿವಸ. ತ್ರೀಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ಸಂಜೆ ಬರುತ್ತಿತ್ತು. ಜಗಳ ಹುಟ್ಟುತ್ತಿದ್ದದ್ದು ಕರೆಂಟು ನಡುವೆ ಹೋದಾಗ. ಹೋದ ಹೊತ್ತನ್ನು ಪಾಳಿಗೆ ಸೇರಿಸಬೇಕೋ ಬಿಡಬೇಕೋ? ದೊಡ್ಡಪ್ಪನ ಲೆಕ್ಕ ಸರಳವಾಗಿತ್ತು. ಅವರ ಪಾಳಿಯಲ್ಲಿ ಕರೆಂಟು ಹೋದರೆ ಮರುದಿನ ಕೂಡಿಸಿಕೊಳ್ಳುತ್ತಿದ್ದರು, ನಮ್ಮ ಪಾಳಿಯಲ್ಲಿ ಹೋದರೆ ಅದು ನಮ್ಮ ಹಣೆಬರಹ.

ಅವರು ಕೆಟ್ಟವರು ಅಂತ ಮಾತ್ರ ಹೇಳಿ ಮುಗಿಸಲಾರೆ. ಅಪ್ಪ ಸತ್ತಾಗ ನಮ್ಮ ಮನೆಗೆ ಜೋಳದ ಚೀಲ ಹೊತ್ತು ತಂದು ಇಳಿಸಿದವರು ಅವರು. ನಾನು ಹೊಲಿಗೆ ಕಲಿಯುತ್ತೇನೆ ಅಂದಾಗ, ಬೇಡ ಅಂದವರ ಬಾಯಿ ಮುಚ್ಚಿಸಿ ಸವದತ್ತಿಯಿಂದ ಹಳೆಯ ಕಾಲುಮಷಿನ್ನು ತಂದುಕೊಟ್ಟವರೂ ಅವರೇ. ಆದರೆ ನಮ್ಮ ಮನೆತನದಲ್ಲಿ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು. ಎತ್ತು ತಿರುಗದಿದ್ದರೆ ಎತ್ತಿಗೆ ಬೀಳುತ್ತಿತ್ತು, ರೊಟ್ಟಿ ಹೊತ್ತಿದರೆ ದೊಡ್ಡವ್ವನಿಗೆ ಬೀಳುತ್ತಿತ್ತು. ನನ್ನ ಮಾತು ಉದ್ದವಾದರೆ ನನಗೂ ಬಿದ್ದಿದೆ. ಹೊಡೆದ ಮೇಲೆ ಅವರು ಉಂಡು ಮಲಗುತ್ತಿದ್ದರು, ನಾವೂ ಉಂಡು ಮಲಗುತ್ತಿದ್ದೆವು. ಅದು ಮನೆಯ ರೂಢಿ ಅಂತಲೇ ನಾವು ಬೆಳೆದದ್ದು.

ಆ ವರ್ಷ ಮಳೆ ಚೆನ್ನಾಗಿತ್ತು. ದಸರೆಯ ಮಾನವಮಿ ಹೊತ್ತಿಗೆ ಗೋವಿನಜೋಳದ ತೆನೆ ತುಂಬಿ ನಿಂತಿದ್ದವು. ಕಳ್ಳರೂ ತುಂಬಿಕೊಂಡರು. ಬಾವಿಗಳ ಮೇಲಿನ ಮೋಟರಿನ ಕೇಬಲ್ ಕತ್ತರಿಸಿ, ಒಳಗಿನ ತಾಮ್ರ ಸುಲಿದು ಒಯ್ಯುತ್ತಿದ್ದರು. ಉಗರಗೋಳದ ಕಡೆಯೂ ಹೀಗೇ ಆಗಿದೆ ಅಂತ ಸುದ್ದಿ ಬಂತು. ಊರಿನ ಗಂಡಸರು ಗಸ್ತು ಕಟ್ಟಿದರು. ಚನ್ನಬಸಪ್ಪ ಅಂತ ಒಬ್ಬರು, ಮಿಲಿಟರಿಯಲ್ಲಿದ್ದು ಬಂದವರು, ಗಸ್ತಿನ ಹಿರಿಯರಾದರು. ಮಿಲಿಟರಿಯವರ ತಲೆಯೇ ಬೇರೆ ನೋಡಿ, ಅವರೊಂದು ಉಪಾಯ ತೆಗೆದರು. ಗಣಪತಿ ಮಂಟಪಕ್ಕೆ ತಂದು ಉಳಿದಿದ್ದ ಹಳದಿ ಜಿಲಾಟಿನ್ ಕಾಗದವನ್ನು ಹರಿದು ಮನೆಮನೆಗೆ ಹಂಚಿದರು. ಬ್ಯಾಟರಿಯ ಗಾಜಿಗೆ ಅದನ್ನು ಹಚ್ಚಬೇಕು. ಹೊಲದಲ್ಲಿ ಹಳದಿ ಬೆಳಕು ಕಂಡರೆ ನಮ್ಮವರು, ಬಿಳಿ ಬೆಳಕು ಕಂಡರೆ ಕಳ್ಳರು. ಕೇಳುವುದು ಬೇಡ, ಮೊದಲು ಬಡಿಗೆ, ಆಮೇಲೆ ಹೆಸರು.

ದೊಡ್ಡಪ್ಪ ಕಾಗದ ತೆಗೆದುಕೊಳ್ಳಲಿಲ್ಲ. ಅವರ ಬ್ಯಾಟರಿ ಮದುವೆಯಲ್ಲಿ ಮಾವ ಕೊಟ್ಟದ್ದು, ಅಂಗಿಯ ಕಿಸೆಯಲ್ಲಿ ಹಿಡಿಯುವಂಥ ಎರಡು ಸೆಲ್ಲಿನ ಹಿತ್ತಾಳೆಯದು. ಅದರ ಹಳೆಯ ಬಲ್ಬು ಮೊದಲೇ ಹಳದಿ ಉರಿಯುತ್ತಿತ್ತು, ಹಸುವಿನ ತುಪ್ಪದ ಬಣ್ಣ. ಆ ಬೆಳಕು ಬದುವಿನ ಮೇಲೆ ಬರುತ್ತಿದ್ದರೆ ಅಡಿವೆಪ್ಪನವರು ಬಂದರು ಅಂತ ಊರೇ ಗುರುತಿಸುತ್ತಿತ್ತು. ಆಳುಗಳು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು.

ಗಸ್ತು ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಸಂಜೆ ನಾನೂ ಅವ್ವನೂ ಹೊಲದಿಂದ ಬರುತ್ತಿದ್ದೆವು, ದಾರಿ ಕಾಣುವಷ್ಟು ಮಾತ್ರ ಬೆಳಕು ಉಳಿದಿತ್ತು. ಹೂಲಿ ರಸ್ತೆಯ ಪಕ್ಕದಲ್ಲಿ ಗಂಡಸರು ಗುಂಪಾಗಿದ್ದರು. ಮೊದಲು ಸದ್ದು ಕೇಳಿತು, ಕಣದಲ್ಲಿ ಒದ್ದೆ ಚೀಲ ಬಡಿಯುವಾಗ ಬರುತ್ತದಲ್ಲ, ಅಂಥದ್ದು. ನಡುವೆ ಒಬ್ಬ ಮನುಷ್ಯ ಬಿದ್ದಿದ್ದ. ಕೈ ಮುಗಿಯಲು ಕೈ ಎತ್ತುತ್ತಿದ್ದ, ಎತ್ತಿದ ಕೈಗೇ ಬಡಿಗೆ ಬೀಳುತ್ತಿತ್ತು. ಅವನ ಬಾಯಿಯಿಂದ ರಕ್ತದ ಜೊತೆ ಹಲ್ಲು ಬಿದ್ದದ್ದನ್ನು ಅವರ ಬ್ಯಾಟರಿಗಳ ಹಳದಿ ಬೆಳಕಿನಲ್ಲಿ ನಾನು ಕಂಡೆ. ಅವ್ವ ನನ್ನ ಕಣ್ಣು ಮುಚ್ಚಲು ನೋಡಿದಳು, ನಾನು ಅವಳ ಕೈ ಸರಿಸಿದೆ. ಹೊಡೆಯುವವರ ನಡುವೆ ನಮ್ಮ ಈರಣ್ಣ ಇದ್ದ. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಹಬ್ಬದ ಕೆಲಸಕ್ಕೆ ನಿಂತವರ ಹಾಗೆ ಹುರುಪಿನಲ್ಲಿದ್ದ.

ಬಿದ್ದವನು ಕಳ್ಳನಲ್ಲ. ಗೋವಿನಜೋಳ ಒಕ್ಕುವ ಮಷಿನ್ನಿನ ಡ್ರೈವರ್, ರಾಮದುರ್ಗದ ಕಡೆಯವನು. ಗಾಲಿ ಪಂಕ್ಚರ್ ಆಗಿತ್ತು, ಮೊಬೈಲಿನ ಬೆಳಕು ಹಿಡಿದು ನಟ್ಟು ಹುಡುಕುತ್ತಿದ್ದ. ಪೊಲೀಸರು ಬಂದು ಕೇಳಿದಾಗ ಊರಿನ ಗಂಡಸರೆಲ್ಲ ಒಂದೇ ಮಾತು ಹೇಳಿದರು, ನಾವು ಹೋಗುವಷ್ಟರಲ್ಲಿ ಅವನು ಬಿದ್ದಿದ್ದ ಅಂತ. ಎಲ್ಲರೂ ಆಮೇಲೆ ಹೋದವರೇ ಆದರೆ ಮೊದಲು ಹೋದವರು ಯಾರು? ಅದನ್ನು ಯಾರೂ ಕೇಳಲಿಲ್ಲ. ಅವನ ದವಡೆ ಮುರಿದಿತ್ತು, ಕೆಲವು ವಾರ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬೆಳಕಿನ ತಪ್ಪಿನಿಂದ ಆದದ್ದು ಅಂತ ಊರು ಸಮಾಧಾನ ಮಾಡಿಕೊಂಡಿತು.

ಆ ಸಂಜೆ ಈರಣ್ಣ ಬಚ್ಚಲಲ್ಲಿ ಮೊಣಕೈವರೆಗೂ ತೊಳೆದುಕೊಂಡು ಬಂದು ರೊಟ್ಟಿಗೆ ಕೂತ. ಪಾಪ, ಬಡವನನ್ನು ಕೊಂದೇಬಿಡುತ್ತಿದ್ದಿರಲ್ಲ ಅಂತ ನಾನು ಅಂದೆ. ಅವನು ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದ:

"ಕತ್ತಲದಾಗ ಯಾರ ಕೈ ಯಾವುದಂತ ಗೊತ್ತಾಗೂದಿಲ್ಲ ನೀಲಾ. ಅದ ಚಲೋ ಐತಿ."

ಅದರಲ್ಲಿ ಚೆನ್ನಾಗಿರುವುದು ಏನು ಅಂತ ನಾನು ಕೇಳಲಿಲ್ಲ. ಶೇಂಗಾ ಹಿಂಡಿ ಬಡಿಸಿ ಒಳಗೆ ಹೋದೆ.

ಉಳ್ಳಾಗಡ್ಡಿ ಕಿತ್ತು ತೂಕಕ್ಕೆ ಹಾಕುವ ದಿನ ಬಾವಿಯ ಹತ್ತಿರ ಮಂದಿ ಸೇರಿದ್ದರು. ಹಿಂದಿನ ದಿವಸ ನಮ್ಮ ಪಾಳಿಯಲ್ಲಿ ಕರೆಂಟು ಹೋಗಿತ್ತು. ದೊಡ್ಡಪ್ಪ ಮಾಡುವ ಹಾಗೆಯೇ ಈರಣ್ಣ ಅವತ್ತು ಬೆಳಿಗ್ಗೆ ಮೋಟರು ಹಚ್ಚಿ ಹೋದ ಹೊತ್ತನ್ನು ಕೂಡಿಸಿಕೊಳ್ಳುತ್ತಿದ್ದ. ದೊಡ್ಡಪ್ಪ ಬಂದರು, ಕೇಳಿದರು, ಈರಣ್ಣ ಹೇಳಿದ. ನೀವು ಮಾಡಿದರೆ ನ್ಯಾಯ, ನಾವು ಮಾಡಿದರೆ ಅಲ್ಲವೇ ಅಂದ. ಅಷ್ಟಕ್ಕೆ ದೊಡ್ಡಪ್ಪ ಕಾಲಿನ ಚಪ್ಪಲಿ ತೆಗೆದರು. ಮದುವೆಯ ವಯಸ್ಸಿನ ಗಂಡಸು ಈರಣ್ಣ, ಅವನ ಎರಡೂ ಕಪಾಳಕ್ಕೆ ಅದರಿಂದ ಹೊಡೆದರು. ಎರೆಮಣ್ಣು ಅವನ ಗಲ್ಲಕ್ಕೆ ಅಂಟಿಕೊಂಡಿತು. ತೂಕದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಹೊಡೆಯುವಾಗ ಚಪ್ಪಲಿ ಕೈಜಾರಿ ನೀರಿನ ಕಾಲುವೆಗೆ ಬಿದ್ದಿತ್ತು. ಈರಣ್ಣ ಕಾಲುವೆಗಿಳಿದು ಅದನ್ನು ತೆಗೆದ, ನೀರಿನಲ್ಲಿ ತೊಳೆದ, ಬಂದು ದೊಡ್ಡಪ್ಪನ ಪಾದದ ಮುಂದೆ ಜೋಡಿಸಿ ಇಟ್ಟ. ಒಂದು ಮಾತು ಆಡಲಿಲ್ಲ. ನೋಡಿದವರು ಎಂಥ ಮರ್ಯಾದಸ್ಥ ಹುಡುಗ ಅಂದರು. ನನಗೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲಿ ಬೈಯುವವರನ್ನು ಕಂಡರೆ ನಾನು ಹೆದರುತ್ತಿರಲಿಲ್ಲ, ಸುಮ್ಮನಿರುವವರನ್ನು ಕಂಡಿರಲೇ ಇಲ್ಲ.

ದೀಪಾವಳಿ ಮುಗಿದ ಮೇಲೆ ದೊಡ್ಡಪ್ಪನ ಬ್ಯಾಟರಿಯ ಬಲ್ಬು ಸುಟ್ಟಿತು. ಅವರು ಅದನ್ನು ಹಿಡಿದುಕೊಂಡು ಸೀದಾ ನಮ್ಮ ಮನೆಗೆ ಬಂದರು. ಚಪ್ಪಲಿಯಿಂದ ಹೊಡೆದದ್ದು ಅವರ ತಲೆಯಲ್ಲಿ ಇರಲೇ ಇಲ್ಲ. ಹೊಡೆದವರಿಗೆ ಅದು ಎಲ್ಲಿ ನೆನಪಿರುತ್ತದೆ! ವೈರು, ಫ್ಯೂಸು ಅಂದರೆ ಊರಲ್ಲಿ ಈರಣ್ಣನ ಕೈ ನಡೆಯುತ್ತಿತ್ತು, ಅದಕ್ಕೆ ಅವನ ಹತ್ತಿರ ತಂದಿದ್ದರು. ಈಗ ಆ ಬಲ್ಬು ಸಿಗುವುದಿಲ್ಲ, ಎಲ್‌ಇಡಿಯದೇ ಬರುತ್ತದೆ, ಸೆಲ್ಲೂ ಬಹಳ ದಿನ ಬಾಳುತ್ತದೆ ಅಂತ ಈರಣ್ಣ ಹೇಳಿದ. ಮರುದಿನ ಬೈಲಹೊಂಗಲಕ್ಕೆ ಹೋಗಿ ತಂದ.

ಸಂಜೆ ಹೊತ್ತು ನಮ್ಮ ಕಟ್ಟೆಯ ಮೇಲೆ ಅದನ್ನು ಕೂರಿಸಿದ. ನಾನು ಪಕ್ಕದಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮೊದಲು ಅದು ಹತ್ತಲಿಲ್ಲ. ದೊಡ್ಡಪ್ಪ ಎಂದಿನಂತೆ ಬ್ಯಾಟರಿಯನ್ನು ಅಂಗೈಗೆ ಬಡಿದರು. ಅವರು ಸೆಲ್ಲನ್ನು ಯಾವಾಗಲೂ ತಲೆಕೆಳಗು ಹಾಕುತ್ತಿದ್ದರು, ಹಳೆಯ ಬಲ್ಬು ಹಾಗೂ ಉರಿಯುತ್ತಿತ್ತು, ಹೀಗೂ ಉರಿಯುತ್ತಿತ್ತು. ಈ ಬಲ್ಬಿಗೆ ತಲೆ ಯಾವುದು ಬುಡ ಯಾವುದು ಅಂತ ಗೊತ್ತಾಗುತ್ತದೆ ಅಂತ ಹೇಳಿ ಈರಣ್ಣ ಸೆಲ್ಲುಗಳನ್ನು ತಿರುಗಿಸಿ ಹಾಕಿದ. ಬೆಳಕು ಹೊಮ್ಮಿತು. ಬಿಳಿ ಅಂದರೆ ಬಿಳಿ, ಸ್ವಲ್ಪ ನೀಲಿ ಕೂಡ. ದೊಡ್ಡಪ್ಪ ದನದ ಮನೆಯ ಮಾಡಿಗೆ ಬಿಟ್ಟರು, ಬೇವಿನ ಗಿಡದ ತುದಿಗೆ ಬಿಟ್ಟರು, ನನ್ನ ಮಡಿಲಿನ ಸೊಪ್ಪಿಗೆ ಬಿಟ್ಟು ಹುಳ ಇದ್ದರೆ ನೋಡಿಕೋ ಅಂದರು. ಅವರು ಅಷ್ಟು ನಕ್ಕದ್ದನ್ನು ನಾನು ಕಂಡದ್ದೇ ಅಪರೂಪ. ಈರಣ್ಣನ ಬೆನ್ನು ತಟ್ಟಿದರು, ಯಾವ ಕೈಯಿಂದ ಹೊಡೆದಿದ್ದರೋ ಅದೇ ಕೈಯಿಂದ.

ನಾನು ಒಳಗೆ ಹೋಗಿ ನಮ್ಮ ಪಾಲಿನ ಹಳದಿ ಕಾಗದದಲ್ಲಿ ಉಳಿದ ತುಂಡು ತಂದೆ. ಇನ್ನು ಮೇಲೆ ಇದಕ್ಕೂ ಹಚ್ಚಬೇಕು ಅಂದೆ. ಈರಣ್ಣ ನನ್ನ ಕೈಯಿಂದ ತುಂಡು ತೆಗೆದುಕೊಂಡು ಕಿಸೆಗೆ ಹಾಕಿಕೊಂಡ. ಅಳತೆಗೆ ಕತ್ತರಿಸಿ ನಾಳೆ ನಾನೇ ಹಚ್ಚಿಕೊಡುತ್ತೇನೆ ಅಂದ. ದೊಡ್ಡಪ್ಪ ಹೊಸ ಬೆಳಕನ್ನು ದಾರಿಗೆ ಬಿಡುತ್ತ ಮನೆಗೆ ಹೋದರು. ಆಮೇಲೆ ಒಂದೆರಡು ಸಲ ನಾನು ಹಚ್ಚಿದೆಯಾ ಅಂತ ಕೇಳಿದೆ. ಹೂಂ, ಹಚ್ಚಿದೆ ಅಂದ.

ಬಲ್ಬು ಹಾಕಿದ ವಾರ ಕರೆಂಟು ಹಗಲಿತ್ತು, ದೊಡ್ಡಪ್ಪ ಕತ್ತಲಾದ ಮೇಲೆ ಹೊಲಕ್ಕೆ ಹೋಗಿರಲಿಲ್ಲ, ಮರುವಾರ ಅದು ಸಂಜೆ ಬರತೊಡಗಿತು. ದೊಡ್ಡಪ್ಪನ ಪಾಳಿ, ಅವರು ಕಬ್ಬಿಗೆ ನೀರು ಹಾಯಿಸಲು ಹೋಗಿದ್ದರು. ಈರಣ್ಣ ಗಸ್ತಿಗೆ ಹೋಗಿದ್ದ. ನಾನು ಇನ್ನೂ ರೊಟ್ಟಿ ಬಡಿಯುತ್ತಿದ್ದೆ. ಬಾವಿಯ ಕಡೆಯಿಂದ ಕೂಗು ಕೇಳಿತು, ಹಿಡೀರಿ, ಬಡೀರಿ ಅಂತ. ಗೋಡೆಯ ಆಚೆ ದೊಡ್ಡವ್ವ ನಮ್ಮವರು ಬಾವಿಯ ಹತ್ತಿರ ಇದ್ದಾರೆ ಅಂತ ಚೀರಿದಳು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ.

ಬಾವಿಯ ಸುತ್ತ ಹಳದಿ ಬೆಳಕುಗಳು ಅಲ್ಲಾಡುತ್ತಿದ್ದವು. ನಡುವೆ ನೆಲದ ಮೇಲೆ ಒಂದು ಬಿಳಿ ಬೆಳಕು ಬಿದ್ದುಕೊಂಡು ಒದ್ದೆ ಮಣ್ಣನ್ನು ತೋರಿಸುತ್ತಿತ್ತು. ಕಾಗದ ಇರಲಿಲ್ಲ. ದೊಡ್ಡಪ್ಪ ಮಗ್ಗುಲಾಗಿ ಬಿದ್ದಿದ್ದರು. ತಲೆಯ ಎಡಬದಿ ಒಡೆದಿತ್ತು, ಆ ಕಡೆಯ ಕಣ್ಣು ಇರಬೇಕಾದ ಜಾಗದಲ್ಲಿ ಬರಿ ರಕ್ತ. ಬಾಯಿಯೊಳಗೆ ಮಣ್ಣು ಹೋಗಿತ್ತು, ಉಸಿರಿಗೊಮ್ಮೆ ಅದು ಗುಳುಗುಳು ಅನ್ನುತ್ತಿತ್ತು. ಚನ್ನಬಸಪ್ಪ ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದರು. ಇಬ್ಬರು ಮೂವರು ತಮ್ಮ ಬಡಿಗೆಗಳನ್ನು ಕಬ್ಬಿನೊಳಗೆ ಎಸೆಯುತ್ತಿದ್ದರು. ಈರಣ್ಣ ಎಸೆದಿರಲಿಲ್ಲ. ಅವನ ಬಡಿಗೆ, ಕೊಡಲಿಯಿಂದ ಬಿಚ್ಚಿದ ಹಿಡಿಯ ಕಾವು, ಅವನ ಕೈಯಲ್ಲೇ ಇತ್ತು, ಅದರ ತುದಿಗೆ ಕೂದಲು ಅಂಟಿತ್ತು.

ಬಿಳಿ ಬೆಳಕು ಕಂಡಿತು, ಎಲ್ಲರಿಗಿಂತ ಮುಂದೆ ನಾನಿದ್ದೆ, ಕಳ್ಳ ಅಂದುಕೊಂಡೆ ಅಂತ ಅವನು ಎಲ್ಲರಿಗೂ ಹೇಳುತ್ತಿದ್ದ. ಹೇಳುತ್ತ ಅಳುತ್ತಿದ್ದ ಕೂಡ. ಹೌದು ಹೌದು, ಬಿಳಿಯೇ ಇತ್ತು ಅಂತ ಉಳಿದವರು ಅವನ ಬೆನ್ನಿಗೆ ನಿಂತರು, ಅವರ ಬಡಿಗೆಯೂ ಒಂದೊಂದು ಬಿದ್ದಿತ್ತಲ್ಲ. ನಾನು ಅವನ ಮುಖವನ್ನೇ ನೋಡಿದೆ. ಅವನು ನನ್ನನ್ನು ನೋಡಿದ, ಅಳು ನಿಂತಿತು.

ದೊಡ್ಡಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದರು. ಬದುಕುವುದು ಹೇಳಲಾಗದು ಅಂತ ಡಾಕ್ಟರು ಅಂದರಂತೆ. ಮರುದಿನ ಬೆಳಿಗ್ಗೆ ಈರಣ್ಣ ಹೊರಗೆ ಹೋದದ್ದನ್ನು ನೋಡಿ ನಾನು ಅವ್ವನ ಮುಂದೆ ಬಾಯಿಬಿಟ್ಟೆ. ಆ ಬಲ್ಬು ಹಾಕಿದವನು ಅವನೇ, ಕಾಗದ ಹಚ್ಚದೆ ಬಿಟ್ಟವನೂ ಅವನೇ, ಆ ಬೆಳಕು ಯಾರದು ಅಂತ ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಅಂದೆ. ಅವ್ವನಿಗೂ ಗೊತ್ತಿತ್ತು. ಬಲ್ಬು ಕೂರಿಸುವಾಗ ಬಾಗಿಲಲ್ಲಿ ನಿಂತು ಅವಳೂ ನೋಡಿದ್ದಳು. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಇರುವವನು ಒಬ್ಬನೇ ಮಗ, ಅವನು ಜೇಲಿಗೆ ಹೋದರೆ ಈ ಮನೆಯ ದೀಪ ಆರಿತು ಅಂದಳು. ದೊಡ್ಡಪ್ಪ ಸತ್ತರೆ ಅಂತ ಕೇಳಿದೆ. ಸತ್ತರೆ ಶಿವನ ಇಚ್ಛೆ ಅಂದಳು. ನನ್ನ ಅವ್ವ ಮೆತ್ತನೆಯ ಹೆಂಗಸು, ಇರುವೆ ಸಾಲಿಗೆ ಸಕ್ಕರೆ ಹಾಕುವವಳು. ಅವಳ ಬಾಯಿಂದ ಆ ಮಾತು ಬಂತು.

ಈರಣ್ಣ ದೂರ ಹೋಗಿರಲಿಲ್ಲ, ತಿರುಗಿ ಬಂದು ಪಡಸಾಲೆಯಲ್ಲಿ ನಿಂತು ಕೇಳಿಸಿಕೊಂಡಿದ್ದ. ನಾನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಿದ್ದೆ. ಅವನು ಬಂದ, ನನ್ನ ಮಣಿಕಟ್ಟು ಹಿಡಿದು ಕೈಯನ್ನು ಅಲ್ಲೇ ಒತ್ತಿ ಹಿಡಿದ, ಇನ್ನೊಂದು ಕೈಯಿಂದ ಬಾಗಿಲು ಎಳೆದು ಹಾಕಿದ. ನಮ್ಮ ಮನೆಯದು ಸಾಗವಾನಿ ಬಾಗಿಲು, ಇಬ್ಬರು ಹೊರುವಂಥದ್ದು. ಒಮ್ಮೆ ಹಾಕಿದ, ತೆರೆದ, ಇನ್ನೊಮ್ಮೆ ಹಾಕಿದ. ಬೆರಳಿನ ಎಲುಬು ಮುರಿಯುವ ಸದ್ದು ಹಸಿ ಬೆಂಡೆಕಾಯಿ ಮುರಿದಂತೆ ಇರುತ್ತದೆ, ದೊಡ್ಡದೇನಲ್ಲ. ನನಗೆ ಚೀರಲೂ ಉಸಿರು ಬರಲಿಲ್ಲ.

"ಇನ್ನ ಈ ಕೈಲೆ ತೋರಸ ನನ್ನ, ತೋರಸ್ತಿ?" ಅಂದ.

ಅವ್ವ ಅವನ ಕಾಲು ಹಿಡಿದುಕೊಂಡಳು. ಬಿಡು ಅಂತ ಅವನಿಗೆ ಹೇಳಿದಳೋ ಸುಮ್ಮನಿರು ಅಂತ ನನಗೆ ಹೇಳಿದಳೋ, ಎರಡನ್ನೂ ಒಟ್ಟಿಗೇ ಹೇಳುತ್ತಿದ್ದಳು. ಆಮೇಲೆ ಅರಿಶಿನ ಹಚ್ಚಿ ಹಳೆಯ ಧೋತರದ ಅರಿವೆ ಸುತ್ತಿದಳು. ಡಾಕ್ಟರ ಹತ್ತಿರ ಹೋದರೆ ಹೇಗಾಯಿತು ಅಂತ ಕೇಳುತ್ತಾರೆ ಅಂತ ಒಯ್ಯಲಿಲ್ಲ. ಅದಕ್ಕೇ ಬೆರಳು ಸೊಟ್ಟಗೆ ಕೂಡಿಕೊಂಡವು.

ಪೊಲೀಸ್ ಠಾಣೆಯಿಂದ ಫೌಜದಾರರು ಬಂದಾಗ ಊರಿನವರು ಊರಬಾಗಿಲಿನ ಅಗಸಿಯ ಕಟ್ಟೆಯಲ್ಲಿ ಸೇರಿದರು. ಡ್ರೈವರನ ಪ್ರಕರಣ ಇನ್ನೂ ಹಸಿಯಾಗಿತ್ತು, ಅದಕ್ಕೆ ಎಲ್ಲರಿಗೂ ಒಳಗೊಳಗೇ ನಡುಕ. ಕಳ್ಳ ಅಂತ ತಿಳಿದು ಹೊಡೆದದ್ದು, ತಪ್ಪು ಬೆಳಕಿನದು, ಮನೆಯವರೇ ಮನೆಯವರನ್ನು ಬೇಕಂತ ಹೊಡೆಯುತ್ತಾರೆಯೇ ಅಂತ ಚನ್ನಬಸಪ್ಪ ಹೇಳಿದರು. ಅವರು ನಂಬಿಯೇ ಹೇಳಿದರು. ಈರಣ್ಣ ತಲೆ ತಗ್ಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ನಿಂತಿದ್ದ. ಆ ವಿಭೂತಿ ನೋಡಿ ನನಗೆ ಮೈ ಉರಿಯಿತು.

ಸತ್ಯಕ್ಕೋಸ್ಕರ ಎದ್ದೆ ಅಂತ ದೊಡ್ಡ ಮಾತು ಆಡುವುದಿಲ್ಲ. ಬೆರಳು ಡವಡವ ಅನ್ನುತ್ತಿದ್ದವು, ನನಗೆ ಸಿಟ್ಟು ಬಂದಿತ್ತು. ಈಗ ಸುಮ್ಮನಿದ್ದರೆ ಇನ್ನು ಜೀವ ಇರುವವರೆಗೂ ಆ ಬಾಗಿಲಿನ ಸಂದಿನಲ್ಲೇ ಕೈ ಇಟ್ಟುಕೊಂಡಿರಬೇಕು ಅನ್ನಿಸಿತು. ಹೆಂಗಸರ ಸಾಲಿನಿಂದ ಮುಂದೆ ಬಂದು ಹೇಳಿದೆ:

"ಆ ಬಲ್ಬ ಹಾಕಿದಾಂವ ನಮ್ಮ ಈರಣ್ಣರಿ. ನಮ್ಮ ಕಟ್ಟಿ ಮ್ಯಾಲ, ನನ್ನ ಕಣ್ಣ ಮುಂದ ಹಾಕ್ಯಾನ. ಕಾಗದ ನಾ ಕೊಟ್ರ ಕಿಸೇದಾಗ ಇಟಗೊಂಡ. ಆ ಬಿಳಿ ಬೆಳಕ ಯಾರದಂತ ಗಸ್ತಿನಾಗ ಅವಂಗೊಬ್ಬಂಗ ಗೊತ್ತಿತ್ತು."

 ಹಿಂದಿನಿಂದ ಯಾರೋ ಈ ಹುಡುಗಿಗೆ ತಲೆ ಸರಿ ಇಲ್ಲ ಅಂದರು. ಅವ್ವ ಸೆರಗು ಬಾಯಿಗಿಟ್ಟು ಹೂಂ ಅನ್ನುವ ಹಾಗೆ ತಲೆ ಆಡಿಸಿದಳು. ಅದನ್ನು ನಾನು ಕಂಡೆ. ಫೌಜದಾರರು ಅಂಥವಕ್ಕೆಲ್ಲ ಬಗ್ಗುವವರಾಗಿರಲಿಲ್ಲ. ಈರಣ್ಣನನ್ನು ಜೀಪಿಗೆ ಹತ್ತಿಸಿದರು. ಹೊಡೆಸಿಕೊಂಡವರಿಗೆ ಎಚ್ಚರ ಬರಲಿ, ಬಲ್ಬು ಯಾರು ಹಾಕಿದ್ದು, ಹೊಡೆದದ್ದು ಯಾರು ಅಂತ ಅವರ ಬಾಯಿಂದ ಕೇಳೋಣ, ಅಲ್ಲಿಯವರೆಗೆ ಇವನು ನಮ್ಮ ಹತ್ತಿರ ಇರುತ್ತಾನೆ ಅಂದರು. ಎಲ್ಲವೂ ದೊಡ್ಡಪ್ಪನ ಒಂದು ಮಾತಿಗೆ ಬಂದು ನಿಂತಿತು. ಅವರು ಬಾಯಿಬಿಟ್ಟರೆ ಈರಣ್ಣ ಜೇಲಿಗೆ, ನನ್ನ ಮಾತು ನಿಜ. ಬಾಯಿಬಿಡದೆ ಸತ್ತರೆ ನಾನು ಅಣ್ಣನ ಕುತ್ತಿಗೆ ಕೊಯ್ಯಲು ಹೊರಟವಳು.

ಆ ದಿನಗಳಲ್ಲಿ ಅವ್ವ ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾಡಿ ಬುಟ್ಟಿಯಲ್ಲಿಟ್ಟು ಮುಖ ತಿರುಗಿಸುತ್ತಿದ್ದಳು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಯಾರೋ ನಮ್ಮ ಕಟ್ಟೆಯ ಮೇಲೆ ಒಂದು ಕತ್ತರಿಸಿದ ಕೋಳಿಯ ತಲೆ ಇಟ್ಟು ಹೋದರು, ನಮ್ಮಂಥ ಲಿಂಗವಂತರ ಮನೆಯ ಮುಂದೆ. ನಾನು ಎಡಗೈಯಿಂದಲೇ ಅದನ್ನು ಬಳಿದು ತಿಪ್ಪೆಗೆ ಹಾಕಿದೆ. ದಿನಾ ಬೆಳಿಗ್ಗೆ ಎದ್ದು ಒಂದೇ ಬೇಡಿಕೊಳ್ಳುತ್ತಿದ್ದೆ, ದೊಡ್ಡಪ್ಪನಿಗೆ ಎಚ್ಚರ ಬರಲಿ, ನಿಜ ಹೇಳಲಿ. ನನ್ನ ಕೆನ್ನೆಗೆ ಬಾರಿಸಿದ್ದ ಮನುಷ್ಯನಿಗಾಗಿ ನಾನು ಅಷ್ಟು ಬೇಡಿಕೊಂಡೆ.

ಎಚ್ಚರ ಬಂತು. ಫೌಜದಾರರು ಬೆಳಗಾವಿಗೆ ಹೋಗಿ ಕೇಳಿದರು. ದೊಡ್ಡಪ್ಪ ಹೇಳಿದರಂತೆ, ಬಲ್ಬು ನಾನೇ ಬಜಾರಿನಲ್ಲಿ ಹಾಕಿಸಿಕೊಂಡದ್ದು, ಕಾಗದ ಬೇಡ ಅಂದವನೂ ನಾನೇ, ಕತ್ತಲೆಯಲ್ಲಿ ಹುಡುಗರು ತಪ್ಪು ತಿಳಿದರು, ನನ್ನ ತಮ್ಮನ ಮಗ ಬಂಗಾರದಂಥವನು. ನೀಲಾ ಹೇಳಿದ್ದು ಅಂದರೆ, ಅವಳಿಗೆ ಅಣ್ಣನ ಮೇಲೆ ಸಿಟ್ಟು, ಹೆಣ್ಣು ಹುಡುಗಿಯ ಮಾತು ಬಿಡ್ರಿ ಅಂದರಂತೆ.

ಈರಣ್ಣ ಮನೆಗೆ ಬಂದ. ನನ್ನನ್ನು ಹೊಡೆಯಲಿಲ್ಲ, ನೋಡಲೂ ಇಲ್ಲ. ಅವನೇನೋ ಬತ್ತಿಹೋದವನ ಹಾಗಿದ್ದ. ದೊಡ್ಡಪ್ಪ ಒಂದು ಕಣ್ಣು ಕಳೆದುಕೊಂಡು ಊರಿಗೆ ಬಂದ ದಿವಸ ಅಗಸಿಯಲ್ಲೇ ಅವರ ಕಾಲಿಗೆ ಬಿದ್ದ. ಊರೆಲ್ಲ ಕಣ್ಣು ಒರೆಸಿಕೊಂಡಿತು, ಅಡಿವೆಪ್ಪನವರದು ದೇವರಂಥ ಮನಸ್ಸು ಅಂದಿತು. ನಾನು ಗೋಡೆಯ ಹಿಂದೆ ನಿಂತು ಎಲ್ಲ ಕೇಳಿದೆ. ಇವರಿಗೆ ನಿಜವಾಗಿಯೂ ನೆನಪಿಲ್ಲವೇನೋ, ತಲೆಗೆ ಬಿದ್ದ ಪೆಟ್ಟಿಗೆ ಎಲ್ಲ ಅಳಿಸಿಹೋಗಿದೆಯೇನೋ ಅಂತ ಎರಡು ದಿನ ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ತಡೆಯಲಾರದೆ ಅವರ ಮನೆಗೆ ಹೋದೆ.

ಅವರು ಪಡಸಾಲೆಯಲ್ಲಿ ಹೊರಸಿನ ಮೇಲೆ ದಿಂಬಿಗೆ ಒರಗಿದ್ದರು. ತಲೆಗೆ ಪಟ್ಟಿ, ಕಣ್ಣಿಗೆ ಹತ್ತಿ. ದೊಡ್ಡವ್ವ ನನ್ನನ್ನು ನೋಡಿ ಒಳಗೆ ಹೋದಳು. ಅವರು ಬಾ ಅಂತ ಕರೆದು ಹೊರಸಿನ ಅಂಚು ತೋರಿಸಿದರು. ನನ್ನ ಕೈಯ ಅರಿವೆ ನೋಡಿ, ಬಾಗಿಲಿನಲ್ಲಿ ಹಾಕಿದನಂತಲ್ಲ ಅಂದರು. ಅದೂ ಅವರಿಗೆ ಗೊತ್ತಿತ್ತು. ಅವತ್ತು ಬಾವಿಯ ಹತ್ತಿರ ಆದದ್ದು ನಿಮಗೆ ನೆನಪಿದೆಯೇ ಅಂತ ಕೇಳಿದೆ. ಅವರು ದಿಂಬು ಹಿಡಿದು ಸ್ವಲ್ಪ ಮೇಲಕ್ಕೆ ಸರಿದು ಕೂತರು.

"ನಾ ಬೆಳಕ ಅವನ ಮಾರಿ ಮ್ಯಾಲನ ಬಿಟ್ಟಿದ್ನಿ," ಅಂದರು. "ಅಂವಾ ದೊಡ್ಡಪ್ಪಾ ಅಂದ. ಅಂದು ಹೊಡದ."

 ಹಾಗಾದರೆ ಯಾಕೆ ಸುಳ್ಳು ಹೇಳಿದಿರಿ, ನನ್ನನ್ನು ಯಾಕೆ ಊರ ಮುಂದೆ ಸುಳ್ಳಿ ಮಾಡಿದಿರಿ ಅಂತ ಕೇಳಿದೆ. ನನ್ನ ದನಿ ಏರಿತು. ಅವರು ಕೈ ಎತ್ತಿದರು. ಹೊಡೆಯಲಿಕ್ಕಲ್ಲ, ಸುಮ್ಮನಿರಿಸಲಿಕ್ಕೆ. ನಾನು ಆದರೂ ಹಿಂದೆ ಸರಿದೆ.

"ಅಂವಾ ಜೇಲಿಗೆ ಹೋದ್ರ ನನಗ ಏನ ಬಂತು? ಕಣ್ಣ ಬರತೈತೇನ? ನೀ ಫೌಜದಾರನ ಮುಂದ ಹೇಳಿದ್ದಕ್ಕ ಅಂವಾ ಹೆದರಿ ಬಾವಿ ಬಿಟ್ಟಕೊಟ್ಟಾನ, ಪಾಳಿ ಪೂರಾ ನನ್ನದು. ನಾ ಯಾವಾಗ ಬಾಯಿ ಬಿಟ್ರೂ ಅಂವಾ ಒಳಗ ಹೋಗ್ತಾನ, ಅದು ಅವಂಗ ಗೊತ್ತೈತಿ. ನಿನ್ನ ಮಾತ ನನಗ ಬಾಳ ಉಪಯೋಗ ಆತವಾ."

ಅಷ್ಟು ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟು ಸವರಿದರು. ನಿಜವಾದ ಪ್ರೀತಿಯಿಂದಲೇ ಸವರಿದರು, ಅದನ್ನು ಸುಳ್ಳು ಅನ್ನಲಾರೆ. ನನಗೆ ಆ ಕೈಯನ್ನು ಕಚ್ಚಬೇಕು ಅನ್ನಿಸಿತು.

"ಮತ್ತ ನಾನ್ರಿ?" ಅಂದೆ.

"ನೀ ಹೆಣ್ಣಮಗಳು. ಇವತ್ತಲ್ಲ ನಾಳೆ ಒಂದು ಮನಿಗೆ ಹೋಗಾಕಿ. ಬಾವಿ ಇಲ್ಲೇ ಇರೂದಲಾ."

ನಾನು ಎದ್ದು ಹೊರಗೆ ಬಂದೆ. ಬಾವಿಯ ಕಡೆಯಿಂದ ಮೋಟರಿನ ಸದ್ದು ಬರುತ್ತಿತ್ತು, ಆ ವಾರ ಕರೆಂಟು ಹಗಲು. ಗೋಡೆಯ ಮೇಲಿಂದ ನೋಡಿದರೆ ದೊಡ್ಡಪ್ಪನ ಕಬ್ಬಿನೊಳಗೆ ಒಬ್ಬ ಮನುಷ್ಯ ಸಲಿಕೆ ಹಿಡಿದು, ಧೋತರ ಮೇಲಕ್ಕೆ ಕಟ್ಟಿಕೊಂಡು, ಕಾಲುವೆಯ ಬಾಯಿ ತಿರುಗಿಸುತ್ತಿದ್ದ. ಅದು ಈರಣ್ಣ. ಅವತ್ತು ನಮ್ಮ ಪಾಳಿ.